ಮುನಿಸಿಕೊಂಡ ಸಿಪಾಯಿ

ಮೂರನೇ ಕ್ಲೂ ಹತ್ತಿರ ಟೆಸ್ಟರ್ ಮತ್ತೆ ದಾರಿ ತಪ್ಪಿದರು.

ನಾನು ಗಡಿಯಾರ ಗೋಪುರದ ಕಮಾನಿಗೆ ಒರಗಿ ನೋಡುತ್ತಲೇ ಇದ್ದೆ. ಅವರ ಎದುರಿಗೇ ಹಳೆಯ ಸುಂಕದ ಕಟ್ಟೆ. ಅದರ ಗೋಡೆಯುದ್ದಕ್ಕೂ ಕಲ್ಲಿನ ಸಿಪಾಯಿಗಳ ಸಾಲು. ಎಲ್ಲರೂ ಬೀದಿಯತ್ತ ಮುಖ ಮಾಡಿದ್ದಾರೆ, ಒಬ್ಬ ಮಾತ್ರ ಬೆನ್ನು ತಿರುಗಿಸಿ ನಿಂತಿದ್ದಾನೆ. ಕೆತ್ತಿದವನಿಗೆ ಯಾರ ಮೇಲೆ ಸಿಟ್ಟಿತ್ತೋ ಏನೋ. ‘ಎಲ್ಲರೂ ನಿನ್ನನ್ನು ನೋಡುವಾಗ ಮುನಿಸಿಕೊಂಡವನು ಯಾರು? ಅವನ ಕಾಲಬುಡದಲ್ಲಿ ಹುಡುಕು’ ಎಂದು ನಾನು ಕ್ಲೂ ಬರೆದಿದ್ದೆ. ಕಾಲಬುಡದ ಸಂದಿಯಲ್ಲಿ ಹಿತ್ತಾಳೆ ಬಿಲ್ಲೆಯನ್ನೂ ಇಟ್ಟಿದ್ದೆ.

ಟೆಸ್ಟರ್ ಚೀಟಿ ಓದಿದರು. ಕನ್ನಡಕ ತೆಗೆದು ಒರೆಸಿದರು. ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಬಂದು, ಬೆನ್ನು ತಿರುಗಿಸಿದವನ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ಅವರು ಸೀದಾ ಬಣ್ಣಗಾರರ ಓಣಿಗೆ ನುಗ್ಗಿದರು.

ಹಳೇ ಊರನ್ನು ನಡೆದು ನೋಡಲು ಬರುವವರಿಗೆ ನಿಧಿ ಹುಡುಕಾಟ ಆಡಿಸುವುದು ನಮ್ಮ ಕಂಪನಿಯ ಕೆಲಸ. ಟಿಕೆಟ್ ಕೌಂಟರಿನಲ್ಲಿ ಕೂತು ಕೂತು ಬೇಸತ್ತಿದ್ದ ನನಗೆ ಮೇಡಂ ಕಡೆಗೂ ಒಂದು ರೂಟ್ ಬರೆಯಲು ಕೊಟ್ಟಿದ್ದರು. ರೂಟ್ ಶುರುವಾಗುವ ಮೊದಲು ಊರು ಗೊತ್ತಿಲ್ಲದ ಒಬ್ಬರು ಕ್ಲೂ ಹಿಡಿದು ನಡೆದು ನೋಡಬೇಕು. ಬರೆದವರು ಬಾಯಿ ಮುಚ್ಚಿಕೊಂಡು ಹಿಂದೆ ಹೋಗಬೇಕು. ನಡೆದವರು ತಪ್ಪಿದರೆ ತಪ್ಪು ಬರೆದವರದ್ದು. ಇದು ಮೇಡಂ ಮಾಡಿದ ಕಾನೂನು.

ನಮ್ಮ ಟೆಸ್ಟರ್ ಇರುವುದು ಕನ್ನಡಕದ ಅಂಗಡಿಯಲ್ಲಿ. ವಾರವೆಲ್ಲ ಊರವರ ಕಣ್ಣು ಪರೀಕ್ಷೆ ಮಾಡುತ್ತಾರೆ, ಭಾನುವಾರ ನನ್ನ ಪ್ರಾಣ ಹಿಂಡುತ್ತಾರೆ. ಊರಿಗೆ ಹೊಸಬರು, ಗುರುತಿನವರು ಯಾರೂ ಇಲ್ಲ ಎಂದು ಮೇಡಂ ಹುಡುಕಿ ತಂದಿದ್ದರು.

ಸ್ವಲ್ಪ ಹೊತ್ತಿಗೆ ಟೆಸ್ಟರ್ ಓಣಿಯಿಂದ ಹೊರಗೆ ಬಂದರು, ಅಂಗಿಯ ತೋಳಿಗೆ ನೀಲಿ ಬಣ್ಣ ಮೆತ್ತಿಸಿಕೊಂಡು.

"ಅಲ್ಲಿ ಮುನಿಸಿಕೊಂಡೋರು ಯಾರೂ ಇರ್ಲಿಲ್ಲ," ಅಂದರು. "ಎಲ್ರೂ ನಗ್ತಾ ಇದ್ರು."

"ಊರವರ ಕಣ್ಣು ಟೆಸ್ಟ್ ಮಾಡ್ತೀರಿ. ಆಳೆತ್ತರದ ಸಿಪಾಯಿ ಕಾಣ್ಲಿಲ್ವಾ?"

"ಹತ್ತಿರದ್ದು ನಂಗೆ ಸ್ವಲ್ಪ ಕಷ್ಟ."

"ದೂರದ್ದು?"

"ದೂರದ್ದು ಚೆನ್ನಾಗಿ ಕಾಣುತ್ತೆ. ನೀವು ಕಮಾನಿನ ಹತ್ರ ನಿಂತು ಹಲ್ಲು ಕಡೀತಾ ಇದ್ದದ್ದೂ ಕಾಣಿಸ್ತು."

ಬೈಯಬೇಕು ಅಂದುಕೊಂಡವಳು ನಕ್ಕುಬಿಟ್ಟೆ. ನನ್ನ ರೋಗವೇ ಇದು. ಪ್ರತಿ ಭಾನುವಾರ ಅವರು ದಾರಿ ತಪ್ಪಿ ಬಂದಮೇಲೆ ನಾವಿಬ್ಬರೂ ಕೋಟೆಗೋಡೆಯ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂರುತ್ತಿದ್ದೆವು. ನಾನು ಚೀಟಿಯಲ್ಲಿ ಹೊಡೆದುಹಾಕಿ ತಿದ್ದುತ್ತಿದ್ದೆ, ಅವರು ಕತ್ತು ಚಾಚಿ ಓದುತ್ತಿದ್ದರು. ‘ಮುನಿಸು’ ತೆಗೀಬೇಡಿ, ಅದು ಚೆನ್ನಾಗಿದೆ, ಅನ್ನುತ್ತಿದ್ದರು. ಚೆನ್ನಾಗಿದ್ದರೆ ಯಾಕೆ ಅರ್ಥವಾಗುವುದಿಲ್ಲ ಎಂದರೆ ಚಹಾದ ಲೋಟದೊಳಗೆ ನೋಡುತ್ತಿದ್ದರು.

ಆ ಸಂಜೆ ಮೇಡಂ ನನ್ನನ್ನು ಆಫೀಸಿನ ಒಳಕ್ಕೆ ಕರೆದರು.

"ಮುಂದಿನ ತಿಂಗಳು ಹೊಸ ರೂಟ್ ಓಪನ್ ಆಗ್ಬೇಕು. ಬರೋ ಭಾನುವಾರವೂ ಅವ್ರು ಅದೇ ಜಾಗದಲ್ಲಿ ತಪ್ಪಿದ್ರೆ ಹಳೇ ರೂಟೇ ನಡೀಲಿ. ನೀನು ಕೌಂಟರ್‌ಗೆ ವಾಪಸ್ ಹೋಗು. ಬರೆಯೋದು ಎಲ್ರಿಗೂ ಬರಲ್ಲ ಕಣಮ್ಮ, ಅದಕ್ಕೆ ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಹಬ್ಬ ಮಾಡಲೇ? ಮನೆಗೆ ಬಂದು ಚಪ್ಪಲಿಯನ್ನು ಮೂಲೆಗೆ ಎಸೆದೆ. ಅಣ್ಣ ಮೆಲ್ಲಗೆ ಪೇಪರ್ ಅಡ್ಡ ಹಿಡಿದುಕೊಂಡ. ಅತ್ತಿಗೆ ಮಕ್ಕಳ ಗಣಿತದ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. ಅವರಿಗೆ ಕ್ಲೂ ಓದಿ ಹೇಳಿದೆ.

"ಸುಂಕದ ಕಟ್ಟೆ ಸಿಪಾಯಿ," ಅಂದರು ಅತ್ತಿಗೆ, ತಲೆ ಎತ್ತದೆ.

"ನೀವು ಊರವರು, ನಿಮಗೆ ಗೊತ್ತು. ಗೊತ್ತಿಲ್ಲದವರಿಗೆ?"

"ಗೊತ್ತಿಲ್ಲದವರಿಗೂ ಕಣ್ಣಿರುತ್ತಲ್ಲ." ಕೆಂಪು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನನ್ನು ನೋಡಿದರು. "ಅಲ್ಲ ತಾಯಿ, ಅವ್ರು ದಾರಿ ತಪ್ಪಿದ್ರೆ ನಿಂಗೆ ದುಃಖವಾ, ಖುಷಿಯಾ? ಮುಖ ನೋಡಿದ್ರೆ ಎರಡೂ ಕಾಣುತ್ತೆ."

"ಸುಮ್ನಿರಿ ಅತ್ತಿಗೆ."

ಸುಮ್ಮನಿರಿ ಅಂದೆನೇ ಹೊರತು ಉತ್ತರ ನನಗೇ ಗೊತ್ತಿರಲಿಲ್ಲ. ಅವರು ಸರಿಯಾಗಿ ನಡೆದರೆ ರೂಟ್ ನನ್ನದು, ಭಾನುವಾರಗಳು ಮುಗಿದವು. ತಪ್ಪಿದರೆ ಕೌಂಟರ್. ಯಾವುದಕ್ಕೆ ಆಸೆಪಡಬೇಕು? ಅದಕ್ಕಿಂತ ದೊಡ್ಡ ಗೊಂದಲ ಬೇರೆ ಇತ್ತು. ವಾರದಿಂದ ವಾರಕ್ಕೆ ಕ್ಲೂ ಸುಲಭ ಮಾಡುತ್ತಾ ಬಂದಿದ್ದೆ, ಅವರು ಮಾತ್ರ ವಾರದಿಂದ ವಾರಕ್ಕೆ ಇನ್ನೂ ದೂರ ತಪ್ಪುತ್ತಿದ್ದರು. ನನಗೆ ನಿಜಕ್ಕೂ ಬರೆಯಲು ಬರುವುದಿಲ್ಲವೇನೋ ಎಂಬ ಹುಳ ತಲೆಯೊಳಗೆ ಹೊಕ್ಕಿತ್ತು. ಹಾಲಿನವನಿಗೆ ಚೀಟಿ ಬರೆಯುವಾಗಲೂ ಕೈ ತಡೆಯುತ್ತಿತ್ತು.

ಭಾನುವಾರ ಬಂತು. ಎರಡನೇ ಕ್ಲೂ ಇದ್ದದ್ದು ಸಿಂಹದ ಬಾಯಿಯ ಕಾರಂಜಿ ಹತ್ತಿರ. ಟೆಸ್ಟರ್ ಬಿಲ್ಲೆ ಹುಡುಕಿ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಕೆನ್ನೆಗೆ ಬಟ್ಟೆ ಕಟ್ಟಿಕೊಂಡ ಒಬ್ಬ ಅಜ್ಜಿ ಅವರನ್ನು ತಡೆದು, ಹಲ್ಲಿನ ಡಾಕ್ಟರ್ ಎಲ್ಲಿ ಎಂದು ಕೇಳಿದರು. ಕಾರಂಜಿಯ ಇನ್ನೊಂದು ಬದಿಗೆ ನಾನಿದ್ದದ್ದು ಟೆಸ್ಟರಿಗೆ ಕಂಡಿರಲಿಲ್ಲ.

"ಆ ಮೆಟ್ಟಿಲು ಹತ್ಬೇಡಿ ಅಜ್ಜಿ, ಮಂಡಿ ನೋಯುತ್ತೆ. ಬಣ್ಣಗಾರರ ಓಣೀಲಿ ಹೋಗಿ. ಪಾತ್ರೆ ಅಂಗಡಿ ಪಕ್ಕ ಒಂದು ಸಂದಿ ಇದೆ, ನೋಡೋಕೆ ಮುಚ್ಚಿದ ಹಾಗಿರುತ್ತೆ, ಮುಚ್ಚಿಲ್ಲ. ಅಲ್ಲಿಂದ ಇಳಿಜಾರು. ಸುಂಕದ ಕಟ್ಟೆ ಮುಂದೆ ಬರ್ತೀರ. ಬೆನ್ನು ತಿರುಗಿಸಿ ನಿಂತಿರೋ ಸಿಪಾಯಿ ಒಬ್ಬ ಇದ್ದಾನಲ್ಲ, ಅವನ ಬೆನ್ನಿಗೆ ಎದುರಾಗೇ ಡಾಕ್ಟರ್ ಬೋರ್ಡು."

ಆ ಸಂದಿ ನನಗೇ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಈ ಊರಲ್ಲಿರುವವಳು ನಾನು.

ಅಜ್ಜಿ ಹರಸಿ ಹೋದರು. ಟೆಸ್ಟರ್ ಸುಂಕದ ಕಟ್ಟೆಗೆ ಬಂದರು. ಚೀಟಿ ಬಿಚ್ಚಿದರು, ತಲೆ ಕೆರೆದುಕೊಂಡರು, ಹುಬ್ಬು ಗಂಟಿಕ್ಕಿದರು. ಆಮೇಲೆ ಗಂಭೀರವಾಗಿ ಗಡಿಯಾರ ಗೋಪುರದ ಹಿಂದಿನ ಗಲ್ಲಿಯತ್ತ ಹೆಜ್ಜೆ ಹಾಕಿದರು.

"ನಿಂತ್ಕೊಳ್ರೀ," ಅಂದೆ. ಕಾನೂನು ಹಾಳಾಗಿ ಹೋಗಲಿ.

ಅವರು ತಿರುಗಿದರು. ನನ್ನ ಮುಖ ನೋಡಿಯೇ ಎಲ್ಲ ಅರ್ಥವಾಗಿರಬೇಕು, ಚೀಟಿಯನ್ನು ಸಣ್ಣದಾಗಿ ಮಡಚತೊಡಗಿದರು.

"ಅಜ್ಜಿಗೆ ಹೇಳಿದ್ದು ಕೇಳಿಸ್ತಾ?"

"ಊರಿಗೆ ಊರೇ ಬಾಯಿಪಾಠ ಆಗಿದೆ ನಿಮಗೆ. ನನ್ನ ಜೊತೆ ಯಾಕ್ರೀ ಈ ನಾಟಕ?"

"ದಾರಿ ಗೊತ್ತಾಯ್ತು ಅಂದ ದಿನ ನನ್ನ ಕೆಲಸ ಮುಗೀತು. ಆಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ? ನಾನು ತಪ್ಪಿದ್ರೆ ನೀವು ಮತ್ತೆ ಬರೀತೀರ. ಬರೆದ್ರೆ ಮತ್ತೊಂದು ಭಾನುವಾರ." ತಲೆ ತಗ್ಗಿಸಿದರು. "ನಿಮ್ಮ ಜೊತೆ ಆ ಮೆಟ್ಟಿಲ ಮೇಲೆ ಕೂರೋ ಆಸೆಗೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನು ನೀರಾಗಿಬಿಡುತ್ತಿದ್ದೆ. ಆಗಲೂ ಅರ್ಧ ಆದೆ, ಸುಳ್ಳು ಯಾಕೆ ಹೇಳಲಿ. ಉಳಿದರ್ಧ ಧಗಧಗ ಉರಿಯುತ್ತಿತ್ತು.

"ನಿಮ್ಮ ಆಸೆಗೆ ನನ್ನ ರೂಟ್ ಹೋಗ್ತಾ ಇದೆ. ಇವತ್ತು ನೀವು ತಪ್ಪಿದ್ರೆ ನಾನು ಕೌಂಟರ್‌ಗೆ ವಾಪಸ್. ನಂಗೆ ಬರೆಯೋಕೇ ಬರಲ್ಲ ಅಂತ ನಾನೇ ನಂಬಿಬಿಟ್ಟಿದ್ದೀನಿ, ಗೊತ್ತಾ?"

ಅವರ ಮುಖ ಬಿಳಿಚಿಕೊಂಡಿತು. "ಯಾರೂ ಹೇಳ್ಲಿಲ್ಲ ನಂಗೆ."

"ಟೆಸ್ಟರಿಗೆ ಹೇಳೋ ಹಾಗಿಲ್ಲ. ಅದೂ ಕಾನೂನೇ."

ಅವರು ನೇರ ಆಫೀಸಿಗೆ ನಡೆದು ಮೇಡಂ ಎದುರು ಎಲ್ಲವನ್ನೂ ಒಪ್ಪಿಕೊಂಡರು. ಮೆಟ್ಟಿಲ ವಿಷಯವನ್ನೂ ಬಿಡಲಿಲ್ಲ, ನನ್ನ ಕಿವಿ ಬಿಸಿಯಾಯಿತು.

ಮೇಡಂ ಪೆನ್ನಿನ ಕ್ಯಾಪ್ ಮುಚ್ಚಿದರು. "ಅಂದ್ರೆ ಈ ರೂಟನ್ನ ಯಾರೂ ಟೆಸ್ಟೇ ಮಾಡಿಲ್ಲ. ಟೆಸ್ಟ್ ಆಗದ ರೂಟ್ ನಾನು ಓಪನ್ ಮಾಡಲ್ಲ. ಊರು ಗೊತ್ತಿಲ್ಲದ ಇನ್ನೊಬ್ಬರನ್ನ ಈಗ ಎಲ್ಲಿಂದ ತರ್ಲಿ?"

ಅದೆಲ್ಲಿಂದ ಧೈರ್ಯ ಬಂತೋ ಕಾಣೆ. "ಮೇಡಂ, ನೀವು ಸುಂಕದ ಕಟ್ಟೆ ನೋಡಿದ್ದೀರಾ?"

"ಫೋಟೋದಲ್ಲಿ ನೋಡಿದ್ದೀನಿ."

ಮನೆಯಿಂದ ಆಫೀಸಿನ ಬಾಗಿಲಿಗೆ ಕಾರು, ಬಾಗಿಲಿಂದ ಮನೆಗೆ ಕಾರು. ಮೇಡಂ ಹಳೇ ಊರಿನೊಳಗೆ ಕಾಲಿಟ್ಟವರೇ ಅಲ್ಲ. ಅದು ಅವರಿಗೂ ಆಗಲೇ ಹೊಳೆದಿರಬೇಕು. "ಚೀಟಿ ಕೊಡು," ಎಂದು ಕೈ ಚಾಚಿದರು. ನಾನು ತಿದ್ದಿ ಸುಲಭ ಮಾಡಿದ್ದನ್ನು ಕೊಡಲಿಲ್ಲ. ಎಲ್ಲಕ್ಕಿಂತ ಮೊದಲು ಬರೆದದ್ದನ್ನೇ ಕೊಟ್ಟೆ. ರೂಟ್ ಹೋದರೆ ನನ್ನ ಮಾತಿನಲ್ಲೇ ಹೋಗಲಿ ಅನ್ನಿಸಿತು.

ಮೇಡಂ ಮುಂದೆ, ನಾವಿಬ್ಬರೂ ದೂರದಲ್ಲಿ ಹಿಂದೆ. ಸುಂಕದ ಕಟ್ಟೆಯ ಮುಂದೆ ಅವರು ನಿಂತರು. ಓದಿದರು. ಸಾಲಿನುದ್ದಕ್ಕೂ ನಡೆದರು, ಸಿಪಾಯಿಯನ್ನು ದಾಟಿ ಮುಂದೆ ಹೋದರು. ನನ್ನ ಕೈ ತಾನಾಗಿ ಪಕ್ಕದವರ ತೋಳು ಹಿಡಿದಿತ್ತು. ಮೇಡಂ ಓಣಿಯ ಬಾಯಿಗೆ ಹೋಗಿ ತಡೆದು ನಿಂತು, ಹಿಂದಿರುಗಿ ನೋಡಿದರು.

"ಅಯ್ಯೋ ಇವನ," ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು. ಸೀರೆ ಎತ್ತಿ ಹಿಡಿದು ಬಗ್ಗಿ ಬಿಲ್ಲೆ ತೆಗೆದರು. "ಯಾರ ಮೇಲೋ ನಿಂಗೆ ಇಷ್ಟು ಕೋಪ?" ಎಂದು ಸಿಪಾಯಿಯನ್ನೇ ಕೇಳಿದರು.

ಕೋಟೆಗೋಡೆಯ ಮೆಟ್ಟಿಲ ತುದಿಯಲ್ಲಿದ್ದ ಕೊನೆಯ ಕ್ಲೂ ಮುಟ್ಟುವಷ್ಟರಲ್ಲಿ ಮೇಡಂ ಬೆವರಿದ್ದರು. "ರೂಟ್ ನಿಂದು," ಅಂದರು ನನಗೆ. ಟೆಸ್ಟರ್ ಕಡೆ ತಿರುಗಿ, "ನೀವು ಮಾತ್ರ ಇನ್ಮೇಲೆ ಕೆಲಸಕ್ಕೆ ಬರ್ಬೇಡಿ," ಎಂದು ಕಾರಿಗೆ ಫೋನ್ ಮಾಡಲು ಹೊರಟರು.

ಉಳಿದವರು ನಾವಿಬ್ಬರು. ಕೋಟೆಗೋಡೆಯ ಮೇಲೆ ಬಿಸಿಲು ತಗ್ಗುತ್ತಿತ್ತು. ಗೆದ್ದಿದ್ದೆ, ಅಳು ಬರುತ್ತಿತ್ತು.

"ಒಂದು ಕೇಳ್ತೀನಿ, ನಿಜ ಹೇಳಿ," ಅಂದೆ. "ಆ ಸಿಪಾಯಿ ನಿಮಗೆ ಯಾವತ್ತು ಕಾಣಿಸಿದ್ದು?"

ಅವರು ಕನ್ನಡಕ ತೆಗೆದರು. ಅದಿಲ್ಲದ ಅವರ ಕಣ್ಣುಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಮೊದಲನೇ ದಿನವೇ. ಓದಿದ ತಕ್ಷಣ ಕಂಡ. ಕಲ್ಲು ಮುನಿಸಿಕೊಂಡಿದೆ ಅಂತ ಬರೆಯೋರು ಯಾರಪ್ಪ ಅಂತ ನಗು ಬಂತು. ತಿರುಗಿ ನೋಡಿದೆ. ನೀವು ಕಮಾನಿನ ಹತ್ರ ನಿಂತು, ನನ್ನನ್ನ ನೋಡ್ತಾನೇ ಇಲ್ಲ ಅನ್ನೋ ಹಾಗೆ ಆಕಾಶ ನೋಡ್ತಾ ಇದ್ರಿ. ಆಮೇಲೆ ಯಾವ ಕಡೆ ನಡೆದೆ ಅಂತ ನಂಗೇ ಗೊತ್ತಾಗ್ಲಿಲ್ಲ."

"ಅಂದ್ರೆ ಕ್ಲೂ ಚೆನ್ನಾಗಿತ್ತು."

"ಚೆನ್ನಾಗಿತ್ತು. ನಂಗೆ ನೀವು ಅಂದ್ರೆ ತುಂಬಾ ಇಷ್ಟ. ಅದಕ್ಕಿಂತ ಮೊದಲು ಇಷ್ಟ ಆಗಿದ್ದು ನೀವು ಬರೆದದ್ದು. ಅದನ್ನೇ ಹಾಳು ಮಾಡೋಕೆ ಹೊರಟಿದ್ದೆ. ತಪ್ಪಾಯ್ತು."

ಕಣ್ಣೊರೆಸಿಕೊಂಡೆ. "ಈ ಮಾತು ಅವತ್ತೇ ಹೇಳಿದ್ರೆ ಅವತ್ತೇ ಒಪ್ಕೊಂಡಿರ್ತಿದ್ದೆ."

"ಇವತ್ತು?"

"ಇವತ್ತು ಕೆಟ್ಟ ಸಿಟ್ಟು ಬಂದಿದೆ."

"ಇಳಿಯೋವರೆಗೂ ಕಾಯ್ತೀನಿ."

"ಇಳಿಯೋದು ಕಾಣ್ತಾ ಇಲ್ಲ," ಅಂದೆ. "ಸಿಟ್ಟಿಟ್ಕೊಂಡೇ ಒಪ್ತೀನಿ."

ಅವರು ಕೈ ಚಾಚಿದರು. ಹಿಡಿದುಕೊಂಡು ಮೆಟ್ಟಿಲಿಳಿದೆ. ಕೆಳಗಿನ ಬೀದಿ ಮುಟ್ಟುವವರೆಗೂ ನಾನು ಬೈಯುತ್ತಲೇ ಇದ್ದೆ, ಅವರು ಹೂಂ ಹೂಂ ಅನ್ನುತ್ತಿದ್ದರು, ಕೈ ಮಾತ್ರ ಬಿಡಲಿಲ್ಲ.