ಬಿಚ್ಚುಗಣ್ಣನೂ ಕಂಚಿನ ಕೊಕ್ಕರೆಯೂ

ಬಹಳ ಹಿಂದೆ, ಲೋಹಕ್ಕೆ ಇನ್ನೂ ಹಾಡು ಕೇಳಿಸುತ್ತಿದ್ದ ಕಾಲದಲ್ಲಿ, ಕಂಚಿನಾಡು ಎಂಬ ರಾಜ್ಯವಿತ್ತು. ಆ ನಾಡಿನ ಉತ್ತರಕ್ಕೆ ಕರಿಬೆಟ್ಟ. ಕರಿಬೆಟ್ಟದ ತುಂಬ ಕಲ್ಲುತೋಳಗಳು. ಅವು ಕಚ್ಚಿದರೆ ಮನುಷ್ಯರು ನಿಂತಲ್ಲೇ ಕಲ್ಲಾಗುತ್ತಿದ್ದರು.

ಆದರೆ ಜನ ಹೆದರುತ್ತಿರಲಿಲ್ಲ. ಗಡಿಯ ಪ್ರತಿ ಊರಿನ ಬಾಗಿಲಲ್ಲೂ ಒಂದೊಂದು ಕಂಚಿನ ಕೊಕ್ಕರೆ ನಿಂತಿರುತ್ತಿತ್ತು. ಕಂಚುಗಾರರು ಅದರ ಮೈ ಎರಕ ಹೊಯ್ಯುತ್ತಿದ್ದರು. ಅರಮನೆಯ ಮಂತ್ರಗಾತಿ ಜಕ್ಕವ್ವ ಅದರೊಳಗೆ ಮಂತ್ರ ಹಾಡುತ್ತಿದ್ದಳು. ತೋಳದ ವಾಸನೆ ಬಂದರೆ ಕತ್ತೆತ್ತು, ತೋಳ ಕಂಡರೆ ಕೂಗು, ಅದು ಓಡುವ ತನಕ ಕೂಗು: ಹೀಗೆ ಸಾಗುತ್ತಿತ್ತು ಮಂತ್ರ. ಆ ಕೂಗು ಕೇಳಿದರೆ ಕಲ್ಲುತೋಳಗಳ ಮೈ ಬಿರುಕು ಬಿಡುತ್ತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಕೊಕ್ಕರೆ ರೆಕ್ಕೆ ಬಡಿಯಬಾರದಲ್ಲ, ಅದಕ್ಕೆಂದು ಮಲಗಿಸುವ ಮಾತೊಂದನ್ನೂ ಜಕ್ಕವ್ವ ಮಂತ್ರದೊಳಗೇ ಇಟ್ಟಿದ್ದಳು.

ಕರಿಬೆಟ್ಟದ ಕೋಟೆಯಲ್ಲಿ ಒಬ್ಬ ಮಾಂತ್ರಿಕನಿದ್ದ. ಅವನ ಹೆಸರು ಬಿಚ್ಚುಗಣ್ಣ. ಅವನ ಎಡಗಣ್ಣು ಯಾವುದರ ಮೇಲೆ ಬಿದ್ದರೂ ಆ ವಸ್ತು ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಬೀಗ ಬಿಚ್ಚಿಕೊಳ್ಳುತ್ತಿತ್ತು, ನೇಯ್ದ ಬಟ್ಟೆ ನೂಲಾಗುತ್ತಿತ್ತು. ಅವನು ಗಡಿಯಿಂದ ಒಂದು ಕೊಕ್ಕರೆಯನ್ನು ಕದ್ದು ತರಿಸಿ, ಎದುರಿಗಿಟ್ಟುಕೊಂಡು ಎಡಗಣ್ಣು ತೆರೆದ. ಕಂಚು ಈರುಳ್ಳಿಯ ಹಾಗೆ ಸುಲಿದುಕೊಂಡಿತು. ಒಳಗಿನ ಮಂತ್ರ ಬೆಳಕಿನ ಅಕ್ಷರಗಳಾಗಿ ಹೊರಗೆ ಹರಿಯಿತು. ಅವನು ಓದುತ್ತಾ ಹೋದ. ಮಲಗಿಸುವ ಮಾತು ಸಿಕ್ಕಿತು.

ಮರುದಿನ ಅವನು ಬೆಟ್ಟದ ಮೇಲೆ ನಿಂತು ಆ ಮಾತನ್ನು ಕೂಗಿದ. ಬೆಟ್ಟದ ಬುಡದಲ್ಲಿದ್ದ ಹಾಲಗೂರಿನ ಕೊಕ್ಕರೆ ಕತ್ತು ಮಡಚಿ ಮಲಗಿತು. ತೋಳಗಳು ಒಳಗೆ ನುಗ್ಗಿದವು.

ಜಕ್ಕವ್ವನ ತಮ್ಮ ಬೀರಣ ಆ ಊರಿನ ಕಾವಲುಗಾರ. ಅವಳು ಹೋಗಿ ನೋಡುವಾಗ ಅವನು ಊರಬಾಗಿಲಿಗೆ ಭುಜ ಕೊಟ್ಟು ಕಲ್ಲಾಗಿ ನಿಂತಿದ್ದ. ಅವನ ಬೆನ್ನ ಹಿಂದೆ ಊರಿಗೆ ಊರೇ ಕಲ್ಲಾಗಿತ್ತು. ಜಕ್ಕವ್ವ ತಮ್ಮನ ಕೆನ್ನೆ ಮುಟ್ಟಿದಳು. ತಣ್ಣಗಿತ್ತು. ತಾನು ಹಾಡಿದ ಮಾತೇ ಇವರನ್ನೆಲ್ಲ ಬಲಿ ತೆಗೆದುಕೊಂಡಿತಲ್ಲ ಎಂದು ಅವಳ ಎದೆ ಉರಿಯಿತು. ಆದರೆ ಅವಳು ಅಲ್ಲಿ ಅಳುತ್ತ ಕೂರಲಿಲ್ಲ. ನೇರ ಅರಮನೆಗೆ ಬಂದಳು.

ರಾಣಿ ಮಾಳಲೆ ಸಭೆ ಕರೆದಿದ್ದಳು. ಕಂಚನ್ನು ಇನ್ನೂ ದಪ್ಪ ಮಾಡೋಣ ಎಂದು ಸೇನಾಪತಿ ಹೇಳಿದ. ಬಿಚ್ಚುವ ಕಣ್ಣಿಗೆ ದಪ್ಪವೂ ಒಂದೇ, ತೆಳುವೂ ಒಂದೇ, ಕಾಯಬೇಕಾದದ್ದು ಮಂತ್ರವನ್ನು ಎಂದು ಜಕ್ಕವ್ವ ಹೇಳಿದಳು. ಗಡಿಯ ಜನರನ್ನು ಅರಮನೆಯ ಕೋಟೆಯೊಳಗೆ ಕರೆಸಿಕೊಳ್ಳಿ, ಅಷ್ಟರಲ್ಲಿ ದಾರಿ ಹುಡುಕುತ್ತೇನೆ ಎಂದಳು. ರಾಣಿ ಒಪ್ಪಿದಳು.

ಮೊದಲನೆಯ ಸಲ ಜಕ್ಕವ್ವ ಮಂತ್ರದೊಳಗಿನ ಹೆಸರುಗಳನ್ನೆಲ್ಲ ಅಳಿಸಿದಳು. ತೋಳ ಎಂದಿದ್ದಲ್ಲಿ ‘ಟಿ’ ಎಂದು ಹಾಡಿದಳು, ಕೂಗು ಎಂದಿದ್ದಲ್ಲಿ ‘ಣು’, ಮಲಗು ಎಂದಿದ್ದಲ್ಲಿ ‘ಝಾ’. ಕೊಕ್ಕರೆಗೆ ಹೆಸರು ಯಾವುದಾದರೇನು, ಅದು ಮೊದಲಿನಂತೆಯೇ ಕೂಗಿತು. ಬಿಚ್ಚುಗಣ್ಣ ಅದನ್ನೂ ಕದ್ದ, ಅದನ್ನೂ ಸುಲಿದ. ಅರ್ಥವಿಲ್ಲದ ಅಕ್ಷರಗಳನ್ನು ಕಂಡು ಹಲ್ಲು ಕಡಿದ. ಆದರೂ ಬಿಡಲಿಲ್ಲ. ಕೆಲವು ವಾರಗಳ ಮೇಲೆ ಗಡಿಯ ಕೊಕ್ಕರೆಗಳು ಮತ್ತೆ ಕತ್ತು ಮಡಚಿ ಮಲಗಿದವು. ತೋಳಗಳು ಬರಿದಾದ ಊರುಗಳಲ್ಲಿ ತಿರುಗಾಡಿ ಹೋದವು.

ಎರಡನೆಯ ಸಲ ಜಕ್ಕವ್ವ ಮಂತ್ರದ ಸಾಲುಗಳನ್ನು ಕಲಸಿದಳು. ಕೊನೆಯ ಸಾಲನ್ನು ನಡುವೆ ಹಾಕಿದಳು, ನಡುವಿನದನ್ನು ಮೊದಲಿಗೆ ತಂದಳು, ಎಲ್ಲಿಗೂ ಹೋಗದ ಸುಳ್ಳು ದಾರಿಗಳನ್ನು ಹೆಣೆದಳು. ಕೊಕ್ಕರೆ ಮಾತ್ರ ನಿಜವಾದ ದಾರಿ ಹಿಡಿದು ಸರಿಯಾಗಿ ಕೂಗಿತು. ಈ ಸಲ ಬಿಚ್ಚುಗಣ್ಣನಿಗೆ ತಿಂಗಳುಗಟ್ಟಲೆ ಹಿಡಿಯಿತು. ಆದರೆ ಕೊಕ್ಕರೆಗಳು ಮತ್ತೆ ಮಲಗಿದವು. ತೋಳಗಳು ಅರಮನೆಯ ಕೋಟೆಯ ಗೋಡೆಯವರೆಗೆ ಬಂದು ಉಗುರು ಕೆರೆದು ಹೋದವು.

ಅದೇ ಹೊತ್ತಿಗೆ ಮಾಂತ್ರಿಕನ ಸೆರೆಯಿಂದ ತಪ್ಪಿಸಿಕೊಂಡ ಗೌರಸಾನಿ ಎಂಬ ಹೆಂಗಸು ಅರಮನೆಗೆ ಬಂದಳು. ಅವಳು ಅವನ ಅಡುಗೆಮನೆಯಲ್ಲಿ ದುಡಿದವಳು. ಜಕ್ಕವ್ವ ಅವಳನ್ನು ಕೂರಿಸಿ, ಅವನು ಹೇಗೆ ಓದುತ್ತಾನೆ ಎಂದು ಕೇಳಿದಳು.

“ಈಗೀಗ ಅವನು ಓದುವುದೇ ಇಲ್ಲ ತಾಯಿ,” ಎಂದಳು ಗೌರಸಾನಿ. “ಸುಲಿದ ಕೊಕ್ಕರೆಯ ಮುಂದೆ ತೋಳವನ್ನು ತಂದು ನಿಲ್ಲಿಸ್ತಾನೆ. ಹಕ್ಕಿ ಕೂಗುವಾಗ ಒಳಗೆ ಬೆಳಕು ಎಲ್ಲೆಲ್ಲಿ ಓಡುತ್ತೆ ಅಂತ ನೋಡ್ತಾ ಕೂರ್ತಾನೆ.”

ಇನ್ನೂ ಒಂದು ಸಂಗತಿಯನ್ನು ಅವಳು ಹೇಳಿದಳು. ಪ್ರತಿ ಸಂಜೆ ಸೂರ್ಯ ಮುಳುಗುವ ಮೊದಲು ಅವನು ತೋಳಗಳಿಗೆ ಪ್ರಾಣದ ಮಾತು ಹೇಳಬೇಕಂತೆ. ಹೇಳದಿದ್ದರೆ ಅವು ಬರೀ ಬಂಡೆಗಳಾಗುತ್ತವೆ, ಅವನ ಮಾಯೆಯೆಲ್ಲ ಅಳಿಯುತ್ತದೆ.

ಜಕ್ಕವ್ವ ಬಹಳ ಹೊತ್ತು ಯೋಚಿಸಿದಳು. ಆಮೇಲೆ ರಾಣಿಯ ಬಳಿ ಹೋಗಿ, ಶತ್ರುವಿನ ಕೈಗೆ ಸಿಕ್ಕ ಗುಟ್ಟು ಇವತ್ತಲ್ಲದಿದ್ದರೆ ನಾಳೆ ಬಯಲಾಗಿಯೇ ಆಗುತ್ತದೆ, ಇಷ್ಟು ದಿನ ನಾನು ಅದನ್ನು ಅಡಗಿಸಿಡುತ್ತಿದ್ದೆ, ಇನ್ನು ಅದನ್ನು ಹಕ್ಕಿಯೊಳಗೆ ಇಡುವುದೇ ಇಲ್ಲ ಎಂದಳು.

ಮೂರನೆಯ ಸಲ ಅವಳು ಮಲಗಿಸುವ ಮಾತನ್ನು ಕೊಕ್ಕರೆಯಿಂದ ತೆಗೆದು ಅರಮನೆಯ ಗೋಪುರದ ಗಂಟೆಯೊಳಗೆ ಹಾಡಿದಳು. ಯಾರಾದರೂ ಮಲಗು ಎಂದರೆ ಕೊಕ್ಕರೆ ಗಂಟೆಯನ್ನು ಕೇಳಬೇಕು. ಗಂಟೆ ಹೂಂ ಎಂದರೆ ಮಾತ್ರ ಮಲಗಬೇಕು. ಒಂದು ಹಕ್ಕಿಯ ಮಂತ್ರ ಇನ್ನೊಂದರ ಹಾಗೆ ಇರದಂತೆ ಹಾಡಿದಳು. ಕೊನೆಗೆ ಬಿಚ್ಚುವ ಕಣ್ಣಿನ ಬಿಸಿ ತಾಗಿದರೆ ಗುರುತು ಹಿಡಿಯುವುದನ್ನು ಮಂತ್ರಕ್ಕೆ ಕಲಿಸಿದಳು. ಬಿಸಿ ತಾಗಿದೊಡನೆ ಮಂತ್ರ ತನ್ನ ಕೆಲಸ ನಿಲ್ಲಿಸಿ, ನೋಡುವವನ ಮುಂದೆ ಹೊಸ ಹೊಸ ತಿರುವುಗಳನ್ನು ಹುಟ್ಟಿಸುತ್ತಾ ಹೋಗಬೇಕು.

ಒಂದು ಕೊಕ್ಕರೆಯನ್ನು ಹೆಗಲ ಮೇಲೆ ಹೊತ್ತು ಅವಳು ತಾನೇ ಕರಿಬೆಟ್ಟ ಹತ್ತಿದಳು. ಕೋಟೆಯ ಬಾಗಿಲಲ್ಲಿ ತೋಳಗಳು ಗುರುಗುಟ್ಟಿದವು. ಕೊಕ್ಕರೆ ಒಮ್ಮೆ ಕೂಗಿತು, ಅವು ದಾರಿ ಬಿಟ್ಟವು. ಬಿಚ್ಚುಗಣ್ಣ ಅಂಗಳದಲ್ಲಿ ಕೂತಿದ್ದ.

“ಪ್ರತಿ ಸಲವೂ ನೀನೇ ಗೆದ್ದಿದ್ದೀಯ,” ಎಂದಳು ಜಕ್ಕವ್ವ. “ಇದನ್ನೂ ಬಿಚ್ಚು. ಮಲಗಿಸುವ ಮಾತು ಸಿಕ್ಕಿದರೆ ಬದುಕಿರುವ ತನಕ ನಿನಗಾಗಿ ಹಾಡುತ್ತೇನೆ.”

ಅವಳಂಥ ಮಂತ್ರಗಾತಿ ತನ್ನ ಕೈಗೆ ಬಂದರೆ ಲೋಕವನ್ನೇ ಆಳಬಹುದು ಎಂದು ಅವನು ಹಿಗ್ಗಿದ. ಎಡಗಣ್ಣು ತೆರೆದ. ಕಂಚು ಸುಲಿದುಕೊಂಡಿತು, ಅಕ್ಷರಗಳು ಹರಿದವು. ಅವನು ಒಂದು ದಾರಿ ಹಿಡಿದ. ಅದು ಎರಡಾಯಿತು. ಬಲಕ್ಕೆ ಹೋದ, ಅದು ನಾಲ್ಕಾಯಿತು. ಹಿಂದಕ್ಕೆ ಬಂದ, ಬಂದ ದಾರಿ ಅಲ್ಲಿರಲಿಲ್ಲ. ಮಧ್ಯಾಹ್ನವಾಯಿತು, ಊಟ ಬೇಡವೆಂದ. ನೆರಳು ಉದ್ದವಾಯಿತು, ತಲೆ ಎತ್ತಲಿಲ್ಲ.

ಜಕ್ಕವ್ವ ಎದುರಿನ ಜಗಲಿಯ ಮೇಲೆ ನೆಮ್ಮದಿಯಾಗಿ ಕೂತಿದ್ದಳು. ಪಡುವಣ ಕೆಂಪಾದಾಗ ಅವಳಿಗೆ ಅವನ ಮೇಲೆ ಒಂದಿಷ್ಟು ಕನಿಕರ ಹುಟ್ಟಿತು.

“ನೀನು ಹುಡುಕುವ ಮಾತು ಈ ಹಕ್ಕಿಯೊಳಗೆ ಇಲ್ಲವೇ ಇಲ್ಲ,” ಎಂದಳು. “ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಎದ್ದುಬಿಡು.”

“ಸಿಕ್ಕಿಬೀಳುವವರೆಲ್ಲ ಹೀಗೇ ಹೇಳೋದು,” ಎಂದ ಬಿಚ್ಚುಗಣ್ಣ. “ಇನ್ನೊಂದೇ ತಿರುವು.”

ಆ ತಿರುವಿನಾಚೆ ಇನ್ನೊಂದು ತಿರುವಿತ್ತು. ಅವನು ಅದರೊಳಗೆ ಹೋದ. ಸೂರ್ಯ ಮುಳುಗಿದ.

ಅಂಗಳದ ತೋಳಗಳು ಒಂದೊಂದಾಗಿ ಬಂಡೆಗಳಾದವು. ಬಿಚ್ಚುಗಣ್ಣನ ಎಡಗಣ್ಣಿನ ಬೆಳಕು ಆರಿತು. ಅವನು ತಲೆ ಎತ್ತಿದಾಗ ಅವನ ಮುಂದೆ ಇದ್ದದ್ದು ಮೊದಲಿನಂತೆ ಕೂಡಿಕೊಂಡ ಒಂದು ಕಂಚಿನ ಹಕ್ಕಿ ಮಾತ್ರ. ಎಷ್ಟು ದಿಟ್ಟಿಸಿದರೂ ಅದು ಬಿಚ್ಚಿಕೊಳ್ಳಲಿಲ್ಲ. ಅವನು ಬರೀ ಮುದುಕನಾಗಿ ಬೆಟ್ಟದ ಆಚೆಬದಿ ಇಳಿದು ಹೋದ. ಆಮೇಲೆ ಅವನನ್ನು ಯಾರೂ ಕಾಣಲಿಲ್ಲ.

ಅವನ ಮಾಯೆ ಅಳಿದು, ಹಾಲಗೂರಿನಲ್ಲಿ ಕಲ್ಲಾಗಿದ್ದ ಜನ ಮೈ ಮುರಿದು ಎದ್ದರು. ಜಕ್ಕವ್ವ ಬರುವ ಹೊತ್ತಿಗೆ ಬೆಳಗಾಗಿತ್ತು. ಬೀರಣ ಬಾಗಿಲ ಬಳಿ ಕೂತು ಮರಗಟ್ಟಿದ ಭುಜ ತಿಕ್ಕಿಕೊಳ್ಳುತ್ತಿದ್ದ. ಅಕ್ಕನನ್ನು ಕಂಡು, ತುಂಬ ಹಸಿವಾಗಿದೆ ಎಂದ. ಆಗ ಜಕ್ಕವ್ವ ಅತ್ತಳು. ಅಳುತ್ತಲೇ ಒಲೆ ಹಚ್ಚಿದಳು.

ಗಡಿಯ ಜನ ತಮ್ಮ ತಮ್ಮ ಊರುಗಳಿಗೆ ಮರಳಿದರು. ಇನ್ನೇನು ಭಯ, ಹಾಡು ನಿಲ್ಲಿಸಿ ವಿಶ್ರಾಂತಿ ತೆಗೆದುಕೋ ಎಂದು ರಾಣಿ ಹೇಳಿದಳು. ಇಂಥ ಕಣ್ಣು ಇನ್ನೊಂದು ಹುಟ್ಟದೆ ಇರದು ಎಂದು ಜಕ್ಕವ್ವ ನಕ್ಕಳು. ಪ್ರತಿ ವರ್ಷ ಸುಗ್ಗಿಯಲ್ಲಿ ಅವಳು ಕೊಕ್ಕರೆಗಳಿಗೆಲ್ಲ ಹೊಸ ಮಂತ್ರ ಹಾಡಿದಳು, ಹಾಡುವವರನ್ನೂ ಬೆಳೆಸಿದಳು. ಕಂಚಿನಾಡಿನವರು ಬಾಗಿಲು ತೆರೆದಿಟ್ಟು ಉಂಡರು, ಬಾಗಿಲು ತೆರೆದಿಟ್ಟೇ ಮಲಗಿದರು, ಮಕ್ಕಳು ಮೊಮ್ಮಕ್ಕಳೊಡನೆ ಸುಖವಾಗಿ ಬಾಳಿದರು.