ಎಲೆಯ ಅಂಕ ಬಿದ್ದ ಬೆಳಿಗ್ಗೆ

"ಸುಳ್ಳು ಅಂಕ ತೋರಿಸಿದ್ದೀಯಾ!"

ಪ್ರಯೋಗಾಲಯದ ಮುಖ್ಯಸ್ಥರ ಮಾತಿಗೆ ಸಂಶೋಧಕಿ ಪರದೆಯತ್ತ ತಿರುಗಿದಳು. ಕಳೆದ ವಾರ ಎಲ್ಲಕ್ಕಿಂತ ಮುಂದಿದ್ದ ಅವಳ ಎಲೆಯ ಅಣು ಈಗ ಮರುಲೆಕ್ಕದಲ್ಲಿ ಕಟ್ಟಕಡೆಗೆ ಬಿದ್ದಿತ್ತು.

ರೋಗಾಣುವಿನ ಪ್ರೋಟೀನಿನಲ್ಲೊಂದು ಗುಳಿ. ಅದನ್ನು ಮುಚ್ಚುವ ಅಣು ಮುಂದೆ ಔಷಧಿಯಾಗಬಹುದು. ಯಾವ ಗಿಡದ ಯಾವ ಅಣು ಅದರಲ್ಲಿ ಭದ್ರವಾಗಿ ಕೂರುತ್ತದೆಂದು ಲೆಕ್ಕ ಹಾಕಿ ಕಂಪ್ಯೂಟರ್ ಅಂಕ ಕೊಡುತ್ತದೆ. ಗೆದ್ದ ಒಂದೇ ಒಂದು ಅಣುವಿಗೆ ಜೀವಕೋಶಗಳ ಮೇಲೆ ನಿಜವಾದ ಪರೀಕ್ಷೆ. ಆ ಅಣುವನ್ನು ಆರಿಸಲು ಮಧ್ಯಾಹ್ನ ಸಮಿತಿ ಸೇರಲಿತ್ತು. ಅಷ್ಟರೊಳಗೆ ಸತ್ಯ ಹೊರಬೀಳದಿದ್ದರೆ ಎಲೆಯೂ ಹೋಯಿತು, ಅವಳ ಮಾನವೂ ಹೋಯಿತು!

ಅವಳು ಅತ್ತೆಗೆ ಫೋನ್ ಮಾಡಿದಳು. ನಿವೃತ್ತ ಪೊಲೀಸ್ ಅಧಿಕಾರಿ ಆಕೆ. ಸೊಸೆಯ ಅಳು ಕೇಳಿ ಸುಮ್ಮನೆ ಕೂರುವ ಪೈಕಿಯವಳಲ್ಲ. ಬಂದವಳೇ ಕುರ್ಚಿ ಎಳೆದುಕೊಂಡಳು.

"ಮೊದಲು ಕಣ್ಣೊರೆಸ್ಕೋ. ಅಂಕ ನೀನು ತಿದ್ದಿದ್ದೀಯಾ?"

"ಇಲ್ಲ ಅತ್ತೆ!"

"ಸರಿ. ಈ ಎರಡನೇ ಸಲದ ಲೆಕ್ಕ ಹಾಕಿದ್ದು ಯಾರು?"

"ನಾನು," ಎಂದ ಕಂಪ್ಯೂಟರ್ ನೋಡಿಕೊಳ್ಳುವವ. "ಹೋದ ವಾರ ಅವರವರ ಅಣುವನ್ನ ಅವರವರೇ ಓಡಿಸಿದ್ರು. ಈ ಸಲ ಎಲ್ರೂ ಬಳಸೋ ಪ್ರೋಟೀನ್ ಫೈಲ್ ತಗೊಂಡೆ, ಎಲ್ಲಾ ಅಣುಗಳನ್ನೂ ನಾನೇ ಓಡಿಸಿದೆ."

"ಆ ಫೈಲನ್ನ ಯಾರು ಬದಲಾಯಿಸಬಹುದು?"

"ಯಾರು ಬೇಕಾದ್ರೂ. ಇಲ್ಲಿ ಎಲ್ರಿಗೂ ಒಂದೇ ಪಾಸ್‌ವರ್ಡ್."

"ಭೇಷ್! ಬಾಗಿಲು ತೆಗೆದಿಟ್ಟು ಕಳ್ಳನ್ನ ಹುಡುಕಬೇಕು ಅನ್ನಿ."

ಪಕ್ಕದ ಮೇಜಿನ ಗೆಳತಿ ಒಂದು ತೊಗಟೆಯ ಅಣುವಿನ ಮೇಲೆ ಕೆಲಸ ಮಾಡುತ್ತಿದ್ದಳು. ಅತ್ತೆ ಅವಳತ್ತ ತಿರುಗಿದಳು.

"ನೀನು ಇವಳ ಕಂಪ್ಯೂಟರ್ ಮುಟ್ಟಿದ್ದೆ ಅಂತ ಇವಳು ಫೋನಲ್ಲಿ ಹೇಳಿದ್ಲು, ಹೌದಾ?"

"ಮುಟ್ಟಿದ್ದೆ, ನಂದು ಕೆಟ್ಟಿತ್ತು. ಆದ್ರೆ ನನ್ನ ತೊಗಟೆಯ ಅಂಕವೂ ಇಳಿದಿದೆಯಲ್ಲಾ! ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊತೀನಾ?"

ಮುಖ್ಯಸ್ಥರಿಗೆ ರೇಗಿತು. "ಇದೇನು ಠಾಣೆಯಾ? ನನ್ನ ಬೇರಿನ ಅಣು ನೋಡಿ — ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಪ್ರಾಮಾಣಿಕ ಲೆಕ್ಕ ಅಂದ್ರೆ ಹಾಗಿರಬೇಕು!"

"ಹೌದೌದು," ಎಂದಳು ಅತ್ತೆ, ತಣ್ಣಗೆ.

ಸೊಸೆ ಹಲ್ಲುಕಚ್ಚಿ ಪ್ರೋಟೀನ್ ಫೈಲ್ ತೆರೆದಳು. ಗುಳಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಥಟ್ಟನೆ ಕೈ ನಿಂತಿತು.

"ಅತ್ತೆ, ನೀರಿಲ್ಲ!"

"ಏನಂದೆ?"

"ಲೆಕ್ಕಕ್ಕೆ ಮುಂಚೆ ಪ್ರೋಟೀನಿನ ನೀರಿನ ಅಣುಗಳನ್ನೆಲ್ಲ ತೆಗೀತೀವಿ. ಆದ್ರೆ ಗುಳಿಯ ತಳದಲ್ಲಿರೋ ಒಂದನ್ನ ಮಾತ್ರ ಅಲ್ಲೇ ಉಳಿಸ್ಬೇಕು ಅಂತ ನಮ್ಮಲ್ಲಿ ಒಪ್ಪಂದ. ನನ್ನ ಎಲೆ ಅದನ್ನೇ ಹಿಡ್ಕೊಂಡು ಕೂರೋದು. ಯಾರೋ ಅದನ್ನೂ ತೆಗೆದಿದ್ದಾರೆ!"

"ಅದನ್ನ ವಾಪಸ್ ಇಟ್ಟು ಎಲ್ಲಾ ಅಣುಗಳನ್ನೂ ಓಡಿಸಿ," ಎಂದಳು ಅತ್ತೆ. "ಬೇರನ್ನೂ."

ಸಮಿತಿ ಸೇರಿದಾಗ ಹೊಸ ಅಂಕಗಳು ಗೋಡೆಯ ಪರದೆಯಲ್ಲಿದ್ದವು. ಎಲೆ ಮತ್ತೆ ಮೊದಲು. ತೊಗಟೆ ತನ್ನ ಹಳೆಯ ಜಾಗಕ್ಕೆ. ಬೇರು ಮಾತ್ರ ಪಾತಾಳಕ್ಕೆ.

ಅತ್ತೆ ಎದ್ದು ನಿಂತಳು.

"ಎಲ್ರೂ ಬಿದ್ದ ಅಂಕ ನೋಡಿದ್ರಿ. ಬೀಳದೇ ಇದ್ದಿದ್ದನ್ನ ಯಾರೂ ನೋಡಲಿಲ್ಲ. ನೀರು ಹೋದಾಗ ಎಲ್ಲರ ಲೆಕ್ಕವೂ ಏರುಪೇರಾಯ್ತು. ಬೇರಿನದ್ದು ಯಾಕೆ ಆಗಲಿಲ್ಲ? ನೀರಿದ್ರೆ ಬೇರು ಗುಳಿಯಲ್ಲಿ ಹಿಡಿಸೋದೇ ಇಲ್ಲ, ಈಗ ನೀವೇ ನೋಡ್ತಿದ್ದೀರಿ. ಹಾಗಿದ್ರೆ ಹೋದ ವಾರ ಅದಕ್ಕೆ ಅಷ್ಟು ಒಳ್ಳೆ ಅಂಕ ಬಂದಿದ್ದು ಹೇಗೆ? ಆಗಲೇ ನೀರು ತೆಗೆದ ಫೈಲ್ ಇವರ ಹತ್ರ ಇತ್ತು. ಎಲೆ ಗೆಲ್ಲುತ್ತೆ ಅಂತ ಗೊತ್ತಾದಾಗ ಅದನ್ನೇ ಎಲ್ಲರ ಫೈಲಿನ ಜಾಗದಲ್ಲಿ ಇಟ್ರು. ಕಳ್ಳತನ ಮಾಡಿ ನನ್ನ ಸೊಸೆ ತಲೆಗೆ ಕಟ್ಟಿದ್ದು — ನಿಮ್ಮ ಮುಖ್ಯಸ್ಥರೇ!"

ಮುಖ್ಯಸ್ಥರು ಹಣೆ ಒತ್ತಿಕೊಂಡರು. "ನನ್ನ ಆಯಸ್ಸನ್ನೆಲ್ಲ ಆ ಬೇರಿಗೇ ಸುರಿದೆ," ಎಂದರು. "ಅದು ಏನೂ ಅಲ್ಲ ಅಂತ ಒಪ್ಕೊಳ್ಳೋಕೆ ಆಗಲಿಲ್ಲ."

ಸೊಸೆಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು.

ಸಮಿತಿಯ ಹಿರಿಯರು ಅವಳತ್ತ ತಿರುಗಿದರು. "ಎಲೆಯನ್ನೇ ಪರೀಕ್ಷೆಗೆ ಕಳಿಸ್ತೀವಿ. ಇದು ಔಷಧಿ ಆಗೇ ಆಗುತ್ತೆ ಅಂತ ನಿಮಗೆ ನಂಬಿಕೆ ಇದೆಯಾ?"

"ಗೊತ್ತಿಲ್ಲ ಸರ್. ಕಂಪ್ಯೂಟರ್ ಊಹೆ ಹೇಳುತ್ತೆ, ಅಷ್ಟೇ." ಅವಳು ಒಮ್ಮೆ ಮುಖ್ಯಸ್ಥರನ್ನು ನೋಡಿದಳು. "ಆದ್ರೆ ಜೀವಕೋಶದ ಪರೀಕ್ಷೆ ಇಲ್ಲ ಅಂದ ದಿನ, ಇಲ್ಲ ಅಂತ ನಿಮಗೆ ಮೊದಲು ಹೇಳೋದು ನಾನೇ."