ಹಗಲಲ್ಲಿ ಬಿದ್ದ ಉಲ್ಕೆಗಳು

"ರೇಡಾರ್ ಆಫ್ ಮಾಡಿದ್ದು ನೀವೇನಾ?"

ಬಾಗಿಲು ದೂಡಿಕೊಂಡು ಬಂದವಳನ್ನು ಕಂಡು ಎಂಜಿನಿಯರ್ ಬೆಚ್ಚಿ ಎದ್ದು ನಿಂತ. ಉಲ್ಕೆಗಳ ಅಧ್ಯಯನಕ್ಕೆಂದು ಆಗಷ್ಟೇ ಕೇಂದ್ರಕ್ಕೆ ಸೇರಿದ್ದ ಅವಳನ್ನು ಅವನು ನೋಡಿದ್ದು ಅದೇ ಮೊದಲು.

"ಹೌದು... ನಾನೇ."

"ವರ್ಷಕ್ಕೊಮ್ಮೆ ಬರೋ ಉಲ್ಕಾವೃಷ್ಟಿ ಕಣ್ರೀ! ಹಗಲಲ್ಲಿ ಕಣ್ಣಿಗೆ ಕಾಣಲ್ಲ, ರೇಡಾರಿಗೆ ಮಾತ್ರ ಸಿಗೋದು. ಅದು ಜೋರಾಗಿದ್ದಾಗಲೇ ನಿಲ್ಲಿಸಿದ್ರಲ್ಲ... ಯಾಕೆ?"

ಅವನು ಕಿಟಕಿಯಾಚೆಯ ಆಂಟೆನಾ ಕಂಬಗಳತ್ತ ಒಮ್ಮೆ ನೋಡಿದ. "ತಪ್ಪಾಯ್ತು. ಕ್ಷಮಿಸಿ."

ಅಷ್ಟೇನಾ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ನಿರ್ದೇಶಕರ ಬಳಿ ಹೋಗಿ ದೂರು ಕೊಟ್ಟಳು.

ಆದರೂ ಮರುದಿನದಿಂದ ಅವನು ಆಂಟೆನಾಗಳನ್ನು ಹಸುಗೂಸಿನಂತೆ ಜೋಪಾನ ಮಾಡಿದ. ಆಕಾಶದಲ್ಲಿ ಉಲ್ಕೆಯೊಂದು ಉರಿದು ಗೆರೆ ಎಳೆದಾಗಲೆಲ್ಲ ಅದರ ಪ್ರತಿಧ್ವನಿ ಪರದೆಯ ಮೇಲೆ ಚಿಮ್ಮುತ್ತಿತ್ತು.

"ಬಂತು ನೋಡಿ!" ಎಂದು ಅವಳಿಗಿಂತ ಮೊದಲು ಅವನೇ ಕುಣಿಯುತ್ತಿದ್ದ.

ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಬರಬರುತ್ತಾ ಅವನಿಲ್ಲದ ಕೋಣೆ ಬಿಕೋ ಅನ್ನತೊಡಗಿತು.

ಅಷ್ಟರಲ್ಲೇ ಸುದ್ದಿ ಬಂತು... ಅವನಿಗೆ ದೂರದ ಕೇಂದ್ರಕ್ಕೆ ವರ್ಗ!

"ನನ್ನ ದೂರಿನಿಂದಾನೇ ಅಪ್ಪಾ..." ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ತಪ್ಪು ನಂದು ಮಗಳೇ. ಅವತ್ತು ನಿನ್ನ ಆಫೀಸು ನೋಡೋಣ ಅಂತ ಬಂದು ದಾರಿತಪ್ಪಿ ಆ ಆಂಟೆನಾ ಕಂಬಗಳ ಮಧ್ಯೆ ಹೋಗಿದ್ದೆ. ತಲೆ ಸುತ್ತಿ ಕಂಬ ಹಿಡ್ಕೊಳ್ಳೋಕೆ ಕೈ ಚಾಚಿದ್ದೆ. ಮುಟ್ಟಿದ್ರೆ ಕೈ ಸುಟ್ಟುಹೋಗುತ್ತೆ ಅಂತ ಆ ಹುಡುಗ ರೇಡಾರ್ ಆಫ್ ಮಾಡಿ ಓಡಿ ಬಂದ. ಮಗಳಿಗೆ ಹೇಳಬೇಡಪ್ಪಾ ಅಂತ ನಾನೇ ಬೇಡಿಕೊಂಡಿದ್ದು."

ಅವಳು ಕೈ ತೊಳೆಯುವಷ್ಟರಲ್ಲಿ ಅಪ್ಪ ಚಪ್ಪಲಿ ಮೆಟ್ಟಿದ್ದರು. "ನಡಿ. ನಿನ್ನ ನಿರ್ದೇಶಕರ ಹತ್ರ ನಾನು ಮಾತಾಡ್ತೀನಿ."

ಕೇಂದ್ರದಲ್ಲಿ ಎಂಜಿನಿಯರ್ ತನ್ನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಯಾಕ್ರೀ ಹೇಳಲಿಲ್ಲ?" ಅವಳ ಕೆನ್ನೆ ಒದ್ದೆಯಾಗಿತ್ತು.

"ಮಾತು ಕೊಟ್ಟಿದ್ದೆ. 'ಅವಳಿಗೆ ಇರೋದು ನಾನೊಬ್ಬನೇ, ಗೊತ್ತಾದ್ರೆ ಕಂಗಾಲಾಗ್ತಾಳೆ' ಅಂದ್ರು ನಿಮ್ಮಪ್ಪ."

"ಅದಕ್ಕೆ ಎಲ್ಲಾ ನೀವೇ ಮೈಮೇಲೆ ಎಳ್ಕೊಂಡ್ರಾ? ನನ್ನ ಕ್ಷಮಿಸಿಬಿಡಿ... ಅಪ್ಪ ಈಗ ನಿರ್ದೇಶಕರ ಕೋಣೇಲಿದ್ದಾರೆ. ವರ್ಗ ನಿಂತುಹೋದ್ರೆ ಇಲ್ಲೇ ಇರ್ತೀರಾ? ರೇಡಾರಿಗಾಗಿ ಅಲ್ಲ... ನನಗಾಗಿ."

ಅವನ ಕೈಯಲ್ಲಿದ್ದ ಸ್ಪ್ಯಾನರ್ ಠಣ್ ಎಂದು ನೆಲಕ್ಕೆ ಬಿತ್ತು.

"ಇನ್ನೊಂದ್ಸಲ ಹೇಳಿ."

"ಹೋಗ್ರೀ! ಹೇಳಲ್ಲ."

"ಹಾಗಾದ್ರೆ ನಾನು ಹೇಳ್ತೀನಿ." ಮೆಲ್ಲಗೆ ಅವಳ ಕೈ ಹಿಡಿದ. "ನಿಮ್ಮನ್ನ ಬಿಟ್ಟು ಹೋಗೋಕೆ ಬೆಳಗ್ಗೆಯಿಂದ ನನಗೆ ಕಾಲೇ ಏಳ್ತಿಲ್ಲ."

ಅವಳು ಅತ್ತುಕೊಂಡೇ ನಕ್ಕಳು. "ಮತ್ತೆ ಸುಮ್ನೆ ನಿಂತಿದ್ದೀರಲ್ಲ? ಆ ಪೆಟ್ಟಿಗೆ ಖಾಲಿ ಮಾಡಿ. ನಾನೂ ಕೈ ಹಾಕ್ತೀನಿ."